ನಮ್ಮತ್ತೆಯ ಸಮಾಜಶಾಸ್ತ್ರ

ನಮ್ಮ ಸೋದರತ್ತೆಯನ್ನು ಮದುವೆಗೆ ಕರೆಯುವುದೂ ಒಂದೇ, ಜನಗಣತಿಯವರನ್ನು ಮನೆಯೊಳಗೆ ಬಿಟ್ಟುಕೊಳ್ಳುವುದೂ ಒಂದೇ! ನಂಬಿಕೆ ಬರದಿದ್ದರೆ ನಮ್ಮ ನೆಂಟರಲ್ಲಿ ಯಾರನ್ನಾದರೂ ಕೇಳಿ. ಮಿಕ್ಕವರು ಆರತಕ್ಷತೆಯ ಸಾಲಿನಲ್ಲಿ ನಿಂತು, ಉಡುಗೊರೆ ಕೊಟ್ಟು, ಫೋಟೋಕ್ಕೆ ಹಲ್ಲು ಕಿರಿಯುತ್ತಿದ್ದರೆ ಇವರು ಛತ್ರದ ಮೂಲೆಯಲ್ಲಿ ನಿಂತಿರುತ್ತಾರೆ. ಮುಂದಿನ ಸೋಫಾದಲ್ಲಿ ಯಾರು ಕೂತರು, ಹಿಂದಿನ ಪ್ಲಾಸ್ಟಿಕ್ ಕುರ್ಚಿಗೆ ಯಾರು ಹೋದರು, ಯಾರನ್ನು ಯಾರು ನಯವಾಗಿ ಎಬ್ಬಿಸಿದರು, ಎಲ್ಲವೂ ಅವರಿಗೆ ಬೇಕು. ನೋಡಿ ಸುಮ್ಮನಿದ್ದರೆ ಚಿಂತೆಯಿರಲಿಲ್ಲ. ಒಮ್ಮೆ ವರನ ದೊಡ್ಡಪ್ಪನ ಹತ್ತಿರ ಹೋಗಿ, "ನಿಮ್ಮನ್ನ ಸೋಫಾದಿಂದ ಎಬ್ಬಿಸಿದ್ರಲ್ಲ, ಏನನ್ನಿಸ್ತು?" ಎಂದು ಕೇಳಿಯೇಬಿಟ್ಟರು. ಅದುವರೆಗೆ ಆ ಮನುಷ್ಯನಿಗೆ ಏನೂ ಅನ್ನಿಸಿರಲಿಲ್ಲ. ಆಮೇಲೆ ಅನ್ನಿಸಿತು. ತಾಂಬೂಲವನ್ನೂ ತೆಗೆದುಕೊಳ್ಳದೆ ಹೊರಟುಹೋದರು.

ಅತ್ತೆ ಸಮಾಜಶಾಸ್ತ್ರದ ಮೇಡಂ. ಮೈಸೂರಿನವರೇ "ಅದೆಲ್ಲಿದೆ?" ಎಂದು ಕೇಳುವಷ್ಟು ಚಿಕ್ಕ ಕಾಲೇಜು ನಮ್ಮದು. ನಮ್ಮ ತಾತ ಅರಮನೆಯ ಕಚೇರಿಯಲ್ಲಿದ್ದವರು. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವುದು ನಮ್ಮ ಮನೆತನದ ಶಿಸ್ತು. ಅಂಥ ಮನೆಯಲ್ಲಿ, ಕೇಳುವುದನ್ನೇ ಕಸುಬು ಮಾಡಿಕೊಂಡ ಮಗಳು ಹುಟ್ಟಿದರೆ ಏನು ಮಾಡುವುದು ಹೇಳಿ! ಅತ್ತೆ ಮದುವೆ ಮಾಡಿಕೊಳ್ಳಲಿಲ್ಲ. ಯಾದವಗಿರಿಯ ಮನೆಯಲ್ಲಿ ಅಪ್ಪ, ಅಮ್ಮ, ನನ್ನ ಜೊತೆಗೇ ಇದ್ದರು. ನಾನು ಓದಿದ್ದು ಅವರ ಹತ್ತಿರ, ಈಗ ಪಾಠ ಮಾಡುತ್ತಿರುವುದೂ ಅವರ ಜೊತೆಗೆ. ವಿಭಾಗದಲ್ಲಿ ಇರುವುದು ನಾವಿಬ್ಬರೇ. ನಾನು ವಿದ್ಯಾರ್ಥಿನಿಯಾಗಿದ್ದಾಗ ಬೆಳಿಗ್ಗೆ ನನ್ನ ಜಡೆ ಹೆಣೆದವರೇ, ತಡವಾಗಿ ಬಂದೆನೆಂದು ನನ್ನನ್ನು ತರಗತಿಯ ಬಾಗಿಲಾಚೆ ನಿಲ್ಲಿಸಿದ್ದುಂಟು. ತಡವಾಗಿದ್ದು ಆ ಜಡೆಯಿಂದಲೇ!

ಅವರ ತರಗತಿಯಲ್ಲಿ "ಎಲ್ಲರೂ ಹಾಗೇ ಮೇಡಂ" ಎನ್ನುವಂತಿರಲಿಲ್ಲ. "ಎಲ್ರೂ ಅಂದ್ರೆ ಯಾರಪ್ಪ? ಒಬ್ಬೊಬ್ರ ಹೆಸ್ರೂ ಹೇಳು" ಎನ್ನುತ್ತಿದ್ದರು. ಒಂದು ಬೆಳಿಗ್ಗೆ ನಮ್ಮನ್ನೆಲ್ಲ ದೇವರಾಜ ಮಾರುಕಟ್ಟೆಗೆ ಕಳಿಸಿದರು. ಏನೂ ಕೊಳ್ಳಕೂಡದು, ಯಾರು ಚೌಕಾಸಿ ಮಾಡುತ್ತಾರೆ, ಯಾರು ಮಾಡುವುದಿಲ್ಲ ಎಂದು ನಿಂತು ನೋಡಿ ಬರಬೇಕು, ಅಷ್ಟೇ. ನಾನು ಹೂವಿನಂಗಡಿಯ ಮುಂದೆ ನಿಂತೆ. ಹೂವಿನವಳು ಸ್ವಲ್ಪ ಹೊತ್ತು ಸಹಿಸಿಕೊಂಡಳು. "ಏನವ್ವಾ, ತಗೊಳಂಗಿದ್ರೆ ತಗೊ, ಇಲ್ಲಾಂದ್ರೆ ಜಾಗ ಬುಡು! ಆಗ್ಲಿಂದ ಕಂಬ ನಿಂತಂಗೆ ನಿಂತಿದೀಯಲ್ಲ!" ನಾಚಿಕೆಯಾಗಿ ಒಂದು ಮೊಳ ಮಲ್ಲಿಗೆ ಕೊಂಡೆ, ಚೌಕಾಸಿಯನ್ನೂ ಮಾಡದೆ. ಅತ್ತೆ ನನ್ನ ಮುಡಿ ನೋಡಿದವರೇ, "ನೀನು ಫೇಲು" ಎಂದರು. ಆಮೇಲೆ ಅರ್ಧ ಹೂವನ್ನು ತಾವೇ ಮುಡಿದುಕೊಂಡರು.

ಇವೆಲ್ಲ ಬಿಡಿ, ನನ್ನನ್ನು ನೋಡಲು ವಿದ್ಯಾರಣ್ಯಪುರಂನಿಂದ ಗಂಡಿನ ಕಡೆಯವರು ಬಂದ ದಿನದ ಕತೆ ಕೇಳಿ. "ಇವತ್ತೊಂದಿನ ಬಾಯಿ ಬಿಡ್ಬೇಡಮ್ಮ" ಎಂದು ಅಪ್ಪ ತಂಗಿಗೆ ಕೈಮುಗಿದಿದ್ದರು. ಪಾಪ, ಕೇಸರಿಬಾತ್ ಮುಗಿಯುವವರೆಗೆ ಅತ್ತೆ ತಡೆದುಕೊಂಡರು. ಕಾಫಿ ಬರುತ್ತಲೇ ಹುಡುಗನ ತಾಯಿಯ ಪಕ್ಕಕ್ಕೆ ಸರಿದರು.

"ನಿಮ್ಮನೇಲಿ ಬೆಳಿಗ್ಗೆ ಕಾಫಿ ಯಾರ್ ಮಾಡೋದ್ರೀ?"

"ನಾನೇ ಕಣ್ರೀ."

"ನಿಮಗೆ ಜ್ವರ ಬಂದಾಗ?"

ಆಕೆ ಯೋಚಿಸಿದರು. "ಜ್ವರ ಬಂದಾಗ್ಲೂ ನಾನೇ" ಎಂದು ಮೊದಲು ಗಂಡನ ಕಡೆಗೆ, ಆಮೇಲೆ ಮಗನ ಕಡೆಗೆ ತಿರುಗಿದರು. ಆ ನೋಟ! ಹೆಣ್ಣು ನೋಡಲು ಬಂದವರು ಹೆಣ್ಣನ್ನು ಬಿಟ್ಟು ತಮ್ಮ ಕಾಲ್ಬೆರಳನ್ನು ನೋಡಿಕೊಂಡರು. ಸಂಬಂಧ ಮುರಿದೇಹೋಯಿತು ಎಂದು ಅಪ್ಪ ಹಣೆ ಚಚ್ಚಿಕೊಂಡರು. ಮುರಿಯಲಿಲ್ಲ. ಆ ಹುಡುಗನೇ ಈಗ ನನ್ನ ಗಂಡ, ಮನೆಯಲ್ಲಿ ಬೆಳಗಿನ ಕಾಫಿಯೂ ಅವನದೇ. ರುಚಿಯ ವಿಷಯ ಇಲ್ಲಿ ಬೇಡ.

ನಗುವಿನ ಮಾತು ಇಲ್ಲಿಗೆ ಸಾಕೆನ್ನಿಸುವಂಥ ಸುದ್ದಿ ಬಂದದ್ದು ಈ ವರ್ಷ. ಸಮಾಜಶಾಸ್ತ್ರಕ್ಕೆ ಹೊಸ ಮಕ್ಕಳು ಸಾಕಷ್ಟು ಸೇರದಿದ್ದರೆ ವಿಭಾಗ ಮುಚ್ಚುತ್ತೇವೆ ಎಂದು ಆಡಳಿತ ಮಂಡಳಿಯವರು ಹೇಳಿದರು. ನನಗೆ ಬೇರೆ ಕಡೆ ಎಲ್ಲಾದರೂ ಕೆಲಸ ಸಿಕ್ಕೀತು. ಅತ್ತೆಗೆ? ಅವರು ಆಯಸ್ಸೆಲ್ಲ ಸವೆಸಿದ್ದು ಅದೊಂದೇ ಕೋಣೆಯಲ್ಲಿ.

ದಾಖಲಾತಿಯ ವಾರ ಒಂದೊಂದು ವಿಭಾಗವೂ ಕಾರಿಡಾರಿನಲ್ಲಿ ಮೇಜು ಹಾಕಿತು. ಕಾಮರ್ಸಿನವರು ಬಲೂನು ಕಟ್ಟಿದರು, ಕಂಪ್ಯೂಟರಿನವರು ಪೆನ್ನು ಹಂಚಿದರು. ನಮ್ಮ ಮೇಜಿನ ಮೇಲೆ ಇದ್ದದ್ದು ಅತ್ತೆಯ ಮೊಣಕೈ ಮಾತ್ರ. ಮಗನನ್ನು ಕರೆದುಕೊಂಡು ಒಬ್ಬ ತಂದೆ ಬಂದರು.

"ಇದನ್ನ ಓದಿದ್ರೆ ಕೆಲ್ಸ ಸಿಗುತ್ತಾ ಮೇಡಂ?"

"ಅದು ಗೊತ್ತಿಲ್ಲ. ಸಿಗ್ದೇ ಇದ್ರೆ ಯಾಕೆ ಸಿಗ್ಲಿಲ್ಲ ಅಂತ ಚೆನ್ನಾಗಿ ಗೊತ್ತಾಗುತ್ತೆ."

ತಂದೆ ಮಗನ ತೋಳು ಹಿಡಿದು ಬಲೂನಿನ ಕಡೆಗೆ ನಡೆದರು. ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. "ಸಿಗುತ್ತೆ ಅಂದ್ಬುಟ್ರೆ ನಿಮ್ಮ ಗಂಟೇನು ಹೋಗುತ್ತೆ ಅತ್ತೆ?" ಎಂದೆ. "ಗೊತ್ತಿಲ್ದೇ ಇರೋದನ್ನ ಹೇಳೋಕೆ ಬೇಕಾದಷ್ಟು ಜನ ಇದಾರೆ ಕಣೇ" ಎಂದರು.

ನಾಲ್ಕಾರು ಹುಡುಗಿಯರು ಬಂದರು. ಸಾಲಲಿಲ್ಲ. ಅವರನ್ನು ಬೇರೆ ವಿಭಾಗಕ್ಕೆ ಕಳಿಸಿದರು. ಈಗಿರುವ ಮಕ್ಕಳ ಓದು ಮುಗಿದ ಮೇಲೆ ವಿಭಾಗಕ್ಕೆ ಬೀಗ ಎಂದು ತೀರ್ಮಾನವಾಯಿತು.

ಆ ಸಂಜೆ ಅತ್ತೆಯನ್ನು ಮನೆಯವರೆಗೆ ಬಿಟ್ಟುಬರೋಣವೆಂದು ಜೊತೆಗೆ ನಡೆದೆ. ಯಾದವಗಿರಿಯ ರಸ್ತೆ ಎಂದಿನಂತೆ ತಣ್ಣಗಿತ್ತು. ಅತ್ತೆ ದಾರಿಯಲ್ಲಿ ಯಾರನ್ನೂ ಏನೂ ಕೇಳಲಿಲ್ಲ. ಬಹಳ ದೂರ ಹೋದ ಮೇಲೆ ಮೆಲ್ಲಗೆ ಅಂದರು: "ನಾನು ಪಾಠ ಚೆನ್ನಾಗಿ ಮಾಡ್ತಿದ್ನೇನೇ ಪುಟ್ಟಿ?"

"ಮೊದಲ್ನೇ ವರ್ಷ, ಮನೇಲಿ ಯಾರನ್ನಾದ್ರೂ ಒಬ್ರನ್ನ ಇಡೀ ದಿನ ನೋಡ್ಕೊಂಡು ಬನ್ನಿ ಅಂದಿದ್ರಿ. ನಾನು ಅಮ್ಮನ್ನ ನೋಡ್ದೆ. ನಮಗೆಲ್ಲ ಬಡಿಸಿ, ಅಡುಗೆಮನೆ ಕಟ್ಟೆಗೆ ಒರಗಿ ನಿಂತ್ಕೊಂಡೇ ಊಟ ಮಾಡ್ತಾಳೆ ಅಂತ ನಂಗೆ ಆವತ್ತೇ ಗೊತ್ತಾಗಿದ್ದು. ಆಮೇಲೆ ಅವಳು ಕೂರೋವರೆಗೂ ನಾನು ತಟ್ಟೆ ಮುಟ್ಟಿಲ್ಲ. ಅಷ್ಟು ಸಾಲ್ದಾ ಅತ್ತೆ?"

ಅತ್ತೆ ನಿಂತರು. "ನೀನು ಅದನ್ನ ಕ್ಲಾಸಲ್ಲಿ ಹೇಳಿದ ದಿನ ನಾನು ಪಾಠ ಅರ್ಧಕ್ಕೇ ನಿಲ್ಲಿಸ್ದೆ. ಜ್ಞಾಪಕ ಇದ್ಯಾ?"

"ತಲೆನೋವು ಅಂದ್ರಿ."

"ತಲೆನೋವಲ್ಲ ಕಣೇ. ಅದೇ ಮನೇಲಿ, ಅತ್ತಿಗೆ ಬಡಿಸಿದ್ದನ್ನ ಅಷ್ಟು ವರ್ಷ ಕೂತು ಊಟ ಮಾಡ್ದೋಳು ನಾನು. ಊರೆಲ್ಲಾ ನೋಡ್ದೆ, ಅವರನ್ನ ನೋಡಿರ್ಲಿಲ್ಲ. ನೀನು ತೋರಿಸ್ದೆ."

ಅವರ ಕಣ್ಣು ತುಂಬಿತ್ತು. ಅವರ ಮೇಲೆ ನನಗೆ ಎಂದೂ ಇಲ್ಲದಷ್ಟು ಪ್ರೀತಿ ಉಕ್ಕಿತು. ಕೈ ಹಿಡಿದುಕೊಂಡೆ, ಬಿಡಿಸಿಕೊಳ್ಳಲಿಲ್ಲ.

"ನಾಳೆ ಕ್ಲಾಸು ನೀನು ತಗೋ," ಎಂದರು ಅತ್ತೆ. "ನಾನು ಹಿಂದಿನ ಬೆಂಚಲ್ಲಿ ಕೂತು ಕೇಳ್ತೀನಿ."