ಏಳನೇ ನಂಬರಿನ ಬೆನ್ನು

ಪಕ್ಷಪಾತವಿಲ್ಲದ ತೀರ್ಪು ಎಂದರೇನೆಂದು ಲೋಕಕ್ಕೆ ತೋರಿಸಿಯೇ ತೀರುತ್ತೇನೆಂದು ಆ ವಾರ ಶಪಥ ಮಾಡಿದ್ದೆ. ಲೋಕವೆಂದರೆ ನಮ್ಮ ಬೀದಿಯ ಗ್ರಂಥಾಲಯ. ಅಲ್ಲಿ ಫೋಟೋ ಸ್ಪರ್ಧೆ. ಎಲ್ಲರ ಮಾತನ್ನೂ ತಾಳ್ಮೆಯಿಂದ ಕೇಳುತ್ತೇನೆಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ತೀರ್ಪುಗಾರ್ತಿ ಮಾಡಿದ್ದರು. ಗ್ರಂಥಪಾಲಕರು ನಮ್ಮ ಯಜಮಾನರೇ. ಚಿತ್ರಗಳಿಗೆ ನಂಬರು ಹಚ್ಚಿ, ಹೆಸರುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು.

ನಾನೂ ಸುಮ್ಮನೆ ಕೂರಲಿಲ್ಲ. ಫೋಟೋ ತೆಗೆಯುವ ಕಲೆಯ ಬಗೆಗಿನ ದಪ್ಪ ಪುಸ್ತಕವೊಂದನ್ನು ಮೂರೇ ದಿನದಲ್ಲಿ ಅರೆದು ಕುಡಿದೆ. ವ್ಯಕ್ತಿ ಚಿತ್ರದ ನಟ್ಟನಡುವೆ ಇರಬಾರದೆಂಬುದು ಅದರ ಮೊದಲ ಪಾಠ. ಅಡುಗೆಮನೆಯ ಮೇಜಿನ ಮೇಲೆ ಚಿತ್ರಗಳನ್ನು ಹರಡಿ, ಅಳತೆಪಟ್ಟಿ ಹಿಡಿದು ಕುಳಿತೆ.

"ಈ ಏಳನೆಯದು ಫೋಟೋನಾ? ಮಸುಕು. ಕಿಟಕಿ ವಾಲಿದೆ. ಹೆಂಗಸು ನಟ್ಟನಡುವೆ, ಅದೂ ಬೆನ್ನು ತಿರುಗಿಸ್ಕೊಂಡು!"

"ಬೆನ್ನಲ್ಲೂ ಏನೋ ಇರುತ್ತೆ ಕಣೇ," ಎಂದರು ಯಜಮಾನರು. "ಎಲ್ಲರ ಮಾತೂ ಕೇಳ್ತೀಯಲ್ಲ, ಇದರದ್ದೂ ಸ್ವಲ್ಪ ಕೇಳು."

"ತೀರ್ಪುಗಾರ್ತಿ ಹತ್ರ ಶಿಫಾರಸು ತರ್ತಿದ್ದೀರಾ?"

ಅವರು ಬಾಯಿಗೆ ಬೀಗ ಹಾಕಿಕೊಂಡರು. ಬೀರುವಿನದಕ್ಕಿಂತ ಗಟ್ಟಿ ಬೀಗ. ನಾನು ಚೀಟಿ ಬರೆದೆ: 'ವ್ಯಕ್ತಿ ನಟ್ಟನಡುವೆ. ಕೈ ನಡುಗಿದೆ. ನಿಂತವರಿಗೆ ಫೋಟೋ ತೆಗೆದವರ ಮೇಲೆ ಆಸಕ್ತಿಯಿಲ್ಲ. ಹತ್ತಕ್ಕೆ ಎರಡು.'

ಭಾನುವಾರ ಪ್ರದರ್ಶನ. ಅಂಗೈಯಗಲದ ಚಿತ್ರಗಳೆಲ್ಲ ದೊಡ್ಡದಾಗಿ ಗೋಡೆಯೇರಿದ್ದವು. ಪ್ರತಿಯೊಂದರ ಕೆಳಗೂ ನನ್ನ ಚೀಟಿ. ಕೈನಡುಕ ಶುರುವಾದಂದಿನಿಂದ ಮನೆ ಬಿಟ್ಟು ಕದಲದ ನಮ್ಮತ್ತೆ, ಅಂದು ಇಸ್ತ್ರಿ ಮಾಡಿದ ಬಟ್ಟೆಯುಟ್ಟು ಬಂದಿದ್ದರು. ಏಳನೇ ನಂಬರಿನ ಮುಂದೆ ನಿಂತು, ಬೆರಳಿಟ್ಟು ಒಂದೊಂದೇ ಅಕ್ಷರ ಓದುತ್ತಿದ್ದರು.

ನನ್ನ ಪಾಂಡಿತ್ಯವನ್ನು ವಿವರಿಸಲು ಹತ್ತಿರ ಹೋದೆ. ಚಿತ್ರದ ಹೆಂಗಸಿನ ಹೆಗಲ ಮೇಲೊಂದು ಮೂಲೆ ಸುಟ್ಟ ಕೈಬಟ್ಟೆ. ಅದನ್ನು ಸುಟ್ಟವಳು ನಾನೇ. ಒಲೆ ಹಚ್ಚುವ ಮುನ್ನ ಎರಡು ನಿಮಿಷ ಕಣ್ಣು ಮುಚ್ಚಿ ದೇವರನ್ನು ನೆನೆಯುವುದು ನನ್ನ ರೂಢಿ. ಆಗ ಹಿಂದೆ ಯಾರಿದ್ದಾರೆಂದು ನನಗೇನು ಗೊತ್ತು? ತನ್ನ ಬೆನ್ನು ತನಗೆ ಕಾಣದೆಂಬ ಗಾದೆಯನ್ನು ಚೌಕಟ್ಟು ಕಟ್ಟಿ ಗೋಡೆಗೆ ತೂಗುಹಾಕಿದ್ದರು.

"ಅತ್ತೆ, ಇದನ್ನ ತೆಗೆದಿದ್ದು ನೀವಾ?"

"ಹೂಂ. ನಿನ್ನ ಗಂಡನ ಫೋನಲ್ಲಿ. ಕೈ ನಡುಗಿದ್ದು ನಿಜ, ಒಪ್ಪಿದೆ. ಆಸಕ್ತಿಯಿಲ್ಲ ಅಂತ ಬರೆದಿದ್ದೀಯಲ್ಲ, ಅದು ಮಾತ್ರ ಸುಳ್ಳು. ಆ ಹೆಂಗಸು ದಿನಾ ದೇವರ ಹತ್ರ ಮೊದಲು ಕೇಳೋದೇ ಅತ್ತೆ ಕೈ ವಾಸಿ ಮಾಡು ಅಂತ. ಪಿಸುಗುಟ್ಟಿದ್ರೂ ನನಗೆ ಕೇಳಿಸುತ್ತೆ."

ಗೋಡೆಯ ಚೀಟಿಗೆ ಕೈ ಹಾಕಿದೆ. "ಅಂಕ ತಿದ್ದಿಬಿಡ್ತೀನಿ ಅತ್ತೆ."

"ಬೇಡಮ್ಮ. ಪಕ್ಷಪಾತ ಅಂತಾರೆ."

ಮರುದಿನ ಬೆಳಿಗ್ಗೆ ಒಲೆಯ ಮುಂದೆ ಕಣ್ಣು ಮುಚ್ಚಿದೆ. ಅಂದು ಏನನ್ನೂ ಬೇಡಲಿಲ್ಲ. ಇಂಥ ಅತ್ತೆಯನ್ನು ಕೊಟ್ಟೆಯಲ್ಲ ತಂದೆ, ಎಂದಷ್ಟೇ ಹೇಳುತ್ತಿದ್ದೆ. ಹಿಂದಿನಿಂದ ದನಿ ಬಂತು:

"ಸ್ವಲ್ಪ ಎಡಕ್ಕೆ ಸರಿಯಮ್ಮ. ನಟ್ಟನಡುವೆ ನಿಂತ್ರೆ ನಮ್ಮ ತೀರ್ಪುಗಾರ್ತಿ ಎರಡೇ ಅಂಕ ಕೊಡ್ತಾಳೆ."

ಕಣ್ಣು ತೆರೆಯದೆ, ತೆಪ್ಪಗೆ ಎಡಕ್ಕೆ ಸರಿದು ನಿಂತೆ.