ಪಿಯಾನೋ ಪಕ್ಕದಲ್ಲಿ ನಾನು

ನನ್ನ ಹೆಂಡತಿ ಶೈಲಜಾಳಿಗೆ ನನ್ನ ಮೇಲೆ ನಂಬಿಕೆಯಿಲ್ಲ. ಹನ್ನೊಂದು ವರ್ಷದ ಸಂಸಾರದಲ್ಲಿ ಹಾಲು ಕಾಯಿಸುವ ಕೆಲಸವನ್ನೂ ನನಗೆ ಒಪ್ಪಿಸಿಲ್ಲ. ಅಂಥವಳು ಪಿಯಾನೋ ಕಛೇರಿಗೆ ಕರೆದುಕೊಂಡು ಹೋಗುತ್ತಾಳೆಯೇ?

ಬಳ್ಳಾರಿಯಲ್ಲಿ ಅವಳು ಪಾಠ ಹೇಳುವ ಶಾಲೆಯ ಬೆಳ್ಳಿಹಬ್ಬಕ್ಕೆ ಬೆಂಗಳೂರಿನ ಪಿಯಾನೋ ಕಲಾವಿದೆ ಬರುವವರಿದ್ದರು. ಕರೆಸಿದವರು ಪ್ರಾಂಶುಪಾಲರಾದ ಮೀನಾಕ್ಷಿ ಮೇಡಂ. ಅವರದು ಮುಂದಿನ ತಿಂಗಳು ನಿವೃತ್ತಿ. ಅವರ ಕುರ್ಚಿಗೆ ಶೈಲಜಾ ಮತ್ತು ಗಣಿತದ ಪಂಪಣ್ಣ ಮೇಷ್ಟ್ರು, ಇಬ್ಬರ ಹೆಸರೂ ಓಡಾಡುತ್ತಿದ್ದವು.

“ನೀವು ಮನ್ಯಾಗ ಇರ್ರಿ. ಮೇಡಂ ಮುಂದ ಏನರ ಮಾಡಿದ್ರ ನನ್ನ ಕುರ್ಚಿ ಹೋತು,” ಅಂದಳು.

“ನಾ ಎಂ.ಎ. ಮಾಡೀನಿ, ಶೈಲಾ.”

“ಕನ್ನಡದಾಗ ಮಾಡೀರಿ. ಪಿಯಾನೋದಾಗ ಅಲ್ಲ.”

ಮಾತು ತಾಗಿತು. ಕರೂರು ಹಳ್ಳಿಯ ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಪಡೆದವನು ನಾನು. ಗೊತ್ತಿಲ್ಲದ್ದನ್ನು ನೋಟ್ಸ್ ಬರೆದು ಗೊತ್ತುಮಾಡಿಕೊಂಡೇ ಇಲ್ಲಿಯವರೆಗೆ ಬಂದಿದ್ದೇನೆ. ನಾಲ್ಕು ದಿನ ಫೋನಿನಲ್ಲಿ ಓದಿ ಇಪ್ಪತ್ತು ಪುಟ ಬರೆದೆ. ಕೀಲಿಗಳು ಎಂಬತ್ತೆಂಟು, ಅದರಲ್ಲಿ ಬಿಳಿ ಐವತ್ತೆರಡು, ಕಪ್ಪು ಮೂವತ್ತಾರು. ಕಲಾವಿದರು ಎದ್ದು ನಿಲ್ಲುವ ತನಕ ಚಪ್ಪಾಳೆ ನಿಷಿದ್ಧ (ಇದು ಕೆಂಪು ಪೆನ್ನಿನಲ್ಲಿ). ಇಷ್ಟು ಪಾಂಡಿತ್ಯಕ್ಕೂ ಅವಳು ಜಗ್ಗಲಿಲ್ಲ. ಕೊನೆಗೆ ನನ್ನನ್ನು ಕಾಪಾಡಿದ್ದು ಆಹ್ವಾನ ಪತ್ರಿಕೆಯಲ್ಲಿದ್ದ ‘ಕುಟುಂಬ ಸಮೇತ’ ಎಂಬ ಎರಡು ಪದ.

ಕಣ್ಣು ತೋರಿಸಲು ಊರಿಂದ ಬಂದಿದ್ದ ಅವ್ವ ಜಂಬಮ್ಮನನ್ನೂ ಕರೆದುಕೊಂಡು ಹೊರಟೆವು. ಅಪಾಯವೇನಿದ್ದರೂ ಅವ್ವನಿಂದಲೇ ಎಂದು ನನ್ನ ಲೆಕ್ಕ. ಆಟೋದಲ್ಲಿ ತರಬೇತಿ ಶುರುಮಾಡಿದೆ.

“ಯವ್ವ, ನಡುವ ಚಪ್ಪಾಳಿ ಹೊಡೀಬಾರ್ದು. ಮಾತಾಡಬಾರ್ದು. ಎಲಿ ಅಡಕಿ ಹಾಕ್ಕೋಬಾರ್ದು.”

“ಉಸುರಾಡಬಹುದೇನಪ?”

ಸಭಾಂಗಣದಲ್ಲಿ ಕುಳಿತ ಮೇಲೂ ಅವ್ವನಿಗೆ ಕೀಲಿಗಳ ಲೆಕ್ಕ ಒಪ್ಪಿಸುತ್ತಿದ್ದೆ (ಮುಂದಿನ ಮೂರು ಸಾಲಿಗೆ ಕೇಳುವಷ್ಟು ಮೆಲ್ಲಗೆ). ಅಷ್ಟರಲ್ಲಿ ಮೀನಾಕ್ಷಿ ಮೇಡಂ ಗಾಬರಿಯಿಂದ ಬಂದರು. ಕಲಾವಿದೆಯ ಪಕ್ಕ ನಿಂತು ಸ್ವರಪುಸ್ತಕದ ಹಾಳೆ ತಿರುವುವ ಹುಡುಗಿಗೆ ಜ್ವರವಂತೆ.

“ಸಂಗೀತದ ಬಗ್ಗಿ ಹೇಳಾಕತ್ತಿದ್ದು ನೀವೇ ಅಲ್ರಿ? ಹಾಳಿ ತಿರುವ್ತೀರೇನು?”

ಶೈಲಜಾ ಹಿಂದಿನಿಂದ ನನ್ನ ಅಂಗಿ ಜಗ್ಗಿದಳು. ಆದರೆ ನಾಲ್ಕು ದಿನದ ಓದು ಸುಮ್ಮನಿರಬೇಕಲ್ಲ. “ತಿರುವ್ತೀನ್ರಿ,” ಅಂದೇಬಿಟ್ಟೆ.

ಕಲಾವಿದೆಯ ಹೆಸರು ಕಾವೇರಿ. ಪುಸ್ತಕ ತೆರೆದು ನೋಡಿದೆ. ತಂತಿಯ ಮೇಲೆ ಕುಳಿತ ಗುಬ್ಬಿಗಳಂತೆ ಕಪ್ಪು ಚುಕ್ಕೆಗಳು. ನನ್ನ ಮುಖ ನೋಡಿ ಅವರಿಗೆ ಅರ್ಥವಾಗಿರಬೇಕು. “ನಿಮಗೆ ಓದಲು ಬರದಿದ್ದರೂ ಪರವಾಗಿಲ್ಲ. ನಾನು ತಲೆಯಾಡಿಸಿದಾಗ ಒಂದು ಹಾಳೆ ತಿರುವಿ, ಸಾಕು,” ಅಂದರು.

ಎಷ್ಟು ಸುಲಭ. ಕೃಷಿ ಇಲಾಖೆಯ ಗುಮಾಸ್ತ ನಾನು. ಮೇಲಿನವರು ಹೇಳಿದ್ದನ್ನು ಹೇಳಿದಂತೆ ಮಾಡುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ.

ಅವರು ನುಡಿಸತೊಡಗಿದರು. ತಲೆಯಾಡಿಸಿದರು. ತಿರುವಿದೆ. ಮತ್ತೆ ಆಡಿಸಿದರು, ಮತ್ತೆ ತಿರುವಿದೆ. ನಮ್ಮೂರ ಭಜನೆಯಲ್ಲಿ ಹಾರ್ಮೋನಿಯಂ ಬಾರಿಸುವವನು ತಾಳ ತಾಳಕ್ಕೂ ತಲೆದೂಗುತ್ತಾನೆ. ದೂಗದಿದ್ದರೆ ನಿದ್ದೆ ಬಂದಿದೆ ಎಂದರ್ಥ. ಈಯಮ್ಮನೂ ಹಾಗೆಯೇ ಎಂದು ನನಗೆ ಹೊಳೆಯಬಾರದೇ? ಹೊಳೆಯಲಿಲ್ಲ. ಆಜ್ಞೆ ಆಜ್ಞೆಯೇ. ಆರನೆಯ ಹಾಳೆಗೆ ಅವರು ನನ್ನ ಕಡೆ ಕಣ್ಣು ಕೆಂಪಗೆ ಮಾಡಿ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಿದರು. ಉದ್ದಕ್ಕೋ ಅಡ್ಡಕ್ಕೋ ಎಂದು ಮೊದಲೇ ಹೇಳಿರಲಿಲ್ಲವಲ್ಲ. ಎರಡು ಹಾಳೆ ತಿರುವಿದೆ.

ಆ ನಿಶ್ಶಬ್ದ ಸಭೆಯಲ್ಲಿ ಅವ್ವನ ಧ್ವನಿ ಕೇಳಿಸಿತು. “ನನ್ನ ಮಗ ಎಷ್ಟು ಲಗೂ ಓದ್ತಾನ ನೋಡವ.”

ಪುಸ್ತಕ ಮುಗಿಯಿತು. ಆದರೆ ಅವರ ತಲೆ ಇನ್ನೂ ಆಡುತ್ತಲೇ ಇತ್ತು. ಬೇರೆ ದಾರಿ ಕಾಣದೆ ಮತ್ತೆ ಮೊದಲ ಪುಟಕ್ಕೆ ಹೋಗಿ ಎರಡನೆಯ ಸುತ್ತು ಶುರುಮಾಡಿದೆ. ಆ ಪುಣ್ಯಾತ್ಗಿತ್ತಿ ಕಣ್ಣು ಮುಚ್ಚಿಕೊಂಡು ಉಳಿದದ್ದನ್ನೆಲ್ಲ ನೆನಪಿನಿಂದಲೇ ನುಡಿಸಿ ಮುಗಿಸಿದರು. ಎದ್ದು ನಿಂತರು. ನಿಯಮದ ಪ್ರಕಾರ ಮೊದಲು ಚಪ್ಪಾಳೆ ತಟ್ಟಿದವನು ನಾನೇ. ಎರಡೂ ಕೈ ಬೇಕಲ್ಲ ಎಂದು ಕಂಕುಳಿಗೆ ಸಿಕ್ಕಿಸಿಕೊಂಡಿದ್ದ ಪುಸ್ತಕ ಜಾರಿ ಅವರ ಕಾಲ ಮೇಲೆ ಬಿತ್ತು.

ಕೆಳಗಿಳಿದು ಬಂದಾಗ ಶೈಲಜಾ ಸೆರಗಿನ ತುದಿ ಹಿಂಡುತ್ತಾ ನಿಂತಿದ್ದಳು. ಎದುರಿಗೆ ಮೀನಾಕ್ಷಿ ಮೇಡಂ.

“ಇವರು ನಿಮ್ಮ ಯಜಮಾನ್ರಾ?”

“ಹೌದ್ರಿ, ಮೇಡಂ.” ಅವಳ ದನಿ ಬಾವಿಯೊಳಗಿಂದ ಬಂದಂತಿತ್ತು.

“ಎಷ್ಟು ವರ್ಷ ಆತು?”

“ಹನ್ನೊಂದು.”

ಮೇಡಂ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ಅವಳ ಕೈ ಹಿಡಿದುಕೊಂಡರು. “ಇಷ್ಟು ದಿನ ಯಾರ ಹೆಸರು ಹೇಳಬೇಕಂತ ಅನುಮಾನದಾಗಿದ್ದೆ. ಇವರನ್ನ ಹನ್ನೊಂದು ವರ್ಷ ಸಂಭಾಳಿಸಿದಾಕಿಗೆ ಆರುನೂರು ಮಕ್ಕಳು ಒಂದು ಲೆಕ್ಕಾ ಏನು? ನಾಳೆ ಅರ್ಜಿ ತಗೊಂಡು ಬರ್ರಿ.”

ಮನೆಗೆ ಹೋಗುವಾಗ ಆಟೋದಲ್ಲಿ ಎದೆಯುಬ್ಬಿಸಿ ಹೇಳಿದೆ: “ಅಂದ್ರ ಕುರ್ಚಿ ನನ್ನಿಂದ ಬಂತು.”

“ಹೌದ್ರಿ,” ಅಂದಳು ಶೈಲಜಾ, ಮದುವೆಯಾದ ಮೇಲೆ ಮೊದಲ ಸಲ ನನ್ನ ಮಾತು ಒಪ್ಪಿಕೊಂಡು. “ಅರ್ಜಿಯಾಗ ‘ಅನುಭವ’ ಅಂತ ಒಂದು ಕಾಲಂ ಐತಿ. ಅಲ್ಲಿ ನಿಮ್ಮ ಹೆಸರು ಬರೀತೀನಿ.”