ಸಾಹೇಬರ ಅಂಗಿ ಮತ್ತು ಈಕ್ವಿಲಿಬ್ರಿಯಂ ಪಾಠ

ಕೆಮಿಸ್ಟ್ರಿ ಕಲಿಸುವವರ ಬಾಳಿನಲ್ಲಿ ಏನಾದರೊಂದು ಉಕ್ಕುತ್ತಲೇ ಇರುತ್ತದೆ; ಲ್ಯಾಬಿನಲ್ಲಿ ಉಕ್ಕದಿದ್ದರೆ ಸ್ಟಾಫ್ ರೂಮಿನಲ್ಲಿ ಉಕ್ಕುತ್ತದೆ. ಹಾನಗಲ್ಲು, ಹಿರೇಕೆರೂರು ಸುತ್ತಿ ನಾನು ಶಿಗ್ಗಾಂವ ಕಡೆಯ ಒಂದು ಪಿಯು ಕಾಲೇಜಿಗೆ ಬಂದು ಬಿದ್ದವಳು. ಆ ವರ್ಷ ನಮ್ಮ ಸೈನ್ಸ್ ವಿಭಾಗ ಇರಬೇಕೋ ಮುಚ್ಚಬೇಕೋ ಎಂದು ನೋಡಲು ಇಲಾಖೆಯಿಂದ ಒಬ್ಬ ಸಾಹೇಬರು ಬರುವವರಿದ್ದರು. ಮುಚ್ಚಿದರೆ ನನ್ನ ಹನ್ನೊಂದು ಹುಡುಗಿಯರ ಸೈನ್ಸ್ ಅಲ್ಲಿಗೇ ಮುಗಿಯಿತು; ದೂರದ ಕಾಲೇಜಿಗೆ ಅವರನ್ನು ಯಾರೂ ಕಳಿಸುವುದಿಲ್ಲ.

ಡಬ್ಬಿ

ಸಾಹೇಬರು ಬರುವ ಮೊದಲು ಪಾಠ ಗಟ್ಟಿ ಮಾಡಿಸಬೇಕಲ್ಲ? ಮುಂದಕ್ಕೂ ಹಿಂದಕ್ಕೂ ಒಂದೇ ವೇಗದಲ್ಲಿ ನಡೆಯುವ ಕ್ರಿಯೆಯೇ ಈಕ್ವಿಲಿಬ್ರಿಯಂ ಎಂದು ಹೇಳಿ, ಒಂದು ಉದಾಹರಣೆ ಕೇಳಿದೆ. ಹಿರೇಬೆಂಡಿಗೇರಿಯಿಂದ ಬರುವ ಹುಡುಗಿ ಎದ್ದು ನಿಂತಳು.

"ಬಾಜೂಮನಿ ಖಾಲಾ ರಂಜಾನ್ ಹಬ್ಬಕ್ಕ ನಮಗ ಡಬ್ಬಿ ತುಂಬ ಶೀರಖುರ್ಮಾ ಕೊಟ್ರುರಿ. ಖಾಲಿ ಡಬ್ಬಿ ತಿರುಗಿ ಕೊಡಬಾರದಂತ ನಮ್ಮವ್ವ ಶೇಂಗಾ ಉಂಡಿ ತುಂಬಿ ಕೊಟ್ಲುರಿ. ಅವರೂ ಖಾಲಿ ಕೊಡಂಗಿಲ್ರಿ. ಹಂಗ ನಡದೈತ್ರಿ."

"ಎಷ್ಟು ದಿನದಿಂದವಾ?"

"ಗೊತ್ತಿಲ್ರಿ ಮೇಡಂ. ಡಬ್ಬಿ ಯಾರದಂತ ಎರಡೂ ಮನಿಯವರಿಗೆ ಮರತ್ಹೋಗೇತ್ರಿ."

ಕಾಣದ ಕೆಲಸ

ನಮ್ಮ ಪ್ರಿನ್ಸಿಪಾಲರು ಇತಿಹಾಸದವರು. "ಸಾಹೇಬರಿಗೆ ಏನ ತೋರಸ್ತೀರಿ?" ಎಂದರು. ಈಕ್ವಿಲಿಬ್ರಿಯಂ ಎಂದೆ.

"ಅದರಾಗ ಏನಾಕ್ಕೇತ್ರಿ?"

"ಒಳಗ ಎರಡೂ ಕಡೆ ಕೆಲಸ ನಡದಿರತೈತ್ರಿ ಸರ್. ಹೊರಗ ಏನೂ ಕಾಣಂಗಿಲ್ಲ."

ಅವರು ಹಣೆ ಒರೆಸಿಕೊಂಡರು. "ಮೇಡಂ, ಕೈ ಮುಗೀತೇನಿ, ಅದೊಂದು ಬ್ಯಾಡ್ರಿ. ಕಾಣದ ಕೆಲಸ ಬರಿಯಾಕ ಅವರ ಫಾರಂನ್ಯಾಗ ಕಾಲಂ ಇರಂಗಿಲ್ಲ."

ಝುಣಕ

ಸಾಹೇಬರು ಬಂದರು. ಲ್ಯಾಬಿನಲ್ಲಿದ್ದ ಎರಡು ಬರ್ನರಿನಲ್ಲಿ ಒಂದು ಹೊತ್ತಲೇ ಇಲ್ಲ. "ನೋಡೂಣು" ಎಂದಷ್ಟೇ ಹೇಳಿ, ಏನೂ ಬರೆಯದೆ ಫಾರಂ ಮಡಚಿ ಕಿಸೆಗೆ ಹಾಕಿಕೊಂಡರು.

ಮಧ್ಯಾಹ್ನ ಜೋಳದ ರೊಟ್ಟಿ, ಅರಿಸಿನ ಹಾಕಿದ ಕಡಲೆಹಿಟ್ಟಿನ ಝುಣಕ. ಹಿರೇಬೆಂಡಿಗೇರಿ ಹುಡುಗಿಯೇ ಬಡಿಸುತ್ತಿದ್ದಳು. ರೊಟ್ಟಿ ಮುರಿಯುವ ಭರದಲ್ಲಿ ಸಾಹೇಬರು ತಮ್ಮ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಎದೆಯ ಮೇಲೇ ಝುಣಕ ಬೀಳಿಸಿಕೊಂಡರು. ಹಳದಿ ಕಲೆ. ಪ್ರಿನ್ಸಿಪಾಲರು ಓಡಿ ಹೋಗಿ ಸಾಬೂನು ತಂದು ತಾವೇ ತಿಕ್ಕಿದರು. ಅರಿಸಿನಕ್ಕೆ ಸಾಬೂನು ತಾಗಿದರೆ ಕೇಳಬೇಕೆ? ಕಲೆ ಕೆಂಪಾಗಿ ಹರಡಿತು.

"ಅಯ್ಯೋ, ರಕ್ತ!" ಎಂದು ಪ್ರಿನ್ಸಿಪಾಲರೇ ಕೂಗಿದರು.

"ಲಿಂಬಿಹಣ್ಣ ಹಿಂಡ್ರಿ ಸರ್," ಎಂದಳು ಹುಡುಗಿ. ಪ್ರಿನ್ಸಿಪಾಲರು ತಾಟಿನಲ್ಲಿದ್ದ ಹೋಳು ಹಿಂಡಿದರು. ಕೆಂಪು ಹೋಗಿ ಹಳದಿ ಬಂತು. ಸಾಹೇಬರಿಗೆ ಸೋಜಿಗ. ತಾವೇ ಸಾಬೂನು ಹಚ್ಚಿದರು, ಕೆಂಪು. ಲಿಂಬೆ ಹಿಂಡಿದರು, ಹಳದಿ. ಊಟ ಬಿಟ್ಟು ನಾಲ್ಕು ಸಲ ಮಾಡಿದರು.

"ಸಾಬೂನು ಹಚ್ಚಿದ್ರ ಕ್ರಿಯಾ ಮುಂದಕ್ಕ, ಲಿಂಬಿ ಹಿಂಡಿದ್ರ ಹಿಂದಕ್ಕ ಹೊಕ್ಕೇತ್ರಿ," ಎಂದು ಹುಡುಗಿ ಒಂದೂ ತಪ್ಪಿಲ್ಲದೆ ವಿವರಿಸಿದಳು.

"ಹಂಗಾರ ಬಿಳಿ ಯಾವಾಗ ಆಕ್ಕೇತಿ?" ಎಂದರು ಸಾಹೇಬರು.

"ಅದು ಸಿಲಬಸ್‌ನ್ಯಾಗ ಇಲ್ರಿ ಸರ್."

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಫಾರಂ ತೆಗೆದು "ವಿಭಾಗ ಮುಂದುವರಿಯಲಿ" ಎಂದು ಬರೆದು ಸಹಿ ಹಾಕಿದರು. ನಾನು ಅತ್ತೇಬಿಟ್ಟೆ. ಆಮೇಲೆ ಅವರು ಪ್ರಿನ್ಸಿಪಾಲರತ್ತ ತಿರುಗಿ ದನಿ ತಗ್ಗಿಸಿದರು.

"ಈಗ ನನಗೊಂದು ಸರ್ಟಿಫಿಕೇಟ್ ಕೊಡ್ರಿ. ಮನಿಯಾಗ ನಮ್ಮಾಕಿ ಕೇಳ್ತಾಳ. ಇದು ಕಾಲೇಜಿನ ಪ್ರಯೋಗದಾಗ ಆದ ಕಲೆ ಅಂತ ಬರದು ಸೀಲ್ ಹೊಡೀರಿ."

ಪ್ರಿನ್ಸಿಪಾಲರು ಗಂಭೀರವಾಗಿ ಪೆನ್ನು ತೆಗೆದರು. "ಯಾವ ಬಣ್ಣದ ಕಲೆ ಅಂತ ಬರೀಲಿ ಸರ್?"

ಸಾಹೇಬರು ಒಂದು ಕೈಯಲ್ಲಿದ್ದ ಸಾಬೂನು ನೋಡಿದರು, ಇನ್ನೊಂದು ಕೈಯಲ್ಲಿದ್ದ ಲಿಂಬೆ ನೋಡಿದರು.

"ಅಷ್ಟು ಜಾಗಾ ಖಾಲಿ ಬಿಡ್ರಿ. ಮನಿ ಮುಟ್ಟಿದ ಮ್ಯಾಲೆ ನೋಡಿ ತುಂಬತೇನಿ."